ಅಗಲವಾಗಿರುವ ಈ ಅಚ್ಚು ಬೆಳ್ಳಿ ನಾಣ್ಯದ್ದೇ?

ಕಾಳೀತೀರ, ಕಾರವಾರ:
ಅಕ್ಕಸಾಲಿಗ ವೃತ್ತಿಯ ನಮ್ಮ ಮನೆತನದ ಹಳೆಯ ಪೆಟ್ಟಿಗೆಯಲ್ಲಿ, ಆಭರಣದ ಅಚ್ಚುಗಳ ಜೊತೆಗೆ, ಗಿಡ್ಡನೆಯ ಕಬ್ಬಿಣದ ತುಂಡೊಂದಿದೆ. ಒಂದು ತುದಿಯಲ್ಲಿ ಪಾರಸಿಯಂತೆ ತೋರುವ ಅಕ್ಷರಗಳನ್ನು ಒಳಕ್ಕೆ ಕೊರೆದಿದ್ದಾರೆ. ಇನ್ನೊಂದು ತುದಿ ಏಟು ತಿಂದು ಹೊರಕ್ಕೆ ಹರಡಿದೆ. ಕೆತ್ತನೆಯ ಮುಖ ಬೆಳ್ಳಿ ರೂಪಾಯಿಗಿಂತ ಅಗಲವಾಗಿರುವುದರಿಂದ ಇದು ನಾಣ್ಯದ್ದಲ್ಲ ಎಂದು ಹಿರಿಯರು ಹೇಳುತ್ತಾರೆ. ಹಾಗೆ ತೀರ್ಮಾನಿಸಬಹುದೇ? ತುಕ್ಕು ತೆಗೆದರೆ ಓದಲು ಅನುಕೂಲವಾದೀತೇ? ಬಲ್ಲವರು ದಯವಿಟ್ಟು ತಿಳಿಸಿ.

ಸೋದೆಯ ಓದುಗ, ಶಿರಸಿ:
ಅಗಲವೇ ಇಲ್ಲಿ ಒಳ್ಳೆಯ ಸುಳಿವು. ಕೈಯಿಂದ ಹೊಡೆಯುತ್ತಿದ್ದ ಕಾಲದಲ್ಲಿ ಅಚ್ಚು ಅನೇಕ ವೇಳೆ ಬೆಳ್ಳಿಯ ಬಿಲ್ಲೆಗಿಂತ ದೊಡ್ಡದಿರುತ್ತಿತ್ತು. ಆದ್ದರಿಂದಲೇ ಮೊಗಲರ ಮತ್ತು ಅನಂತರದ ಸಂಸ್ಥಾನಗಳ ರೂಪಾಯಿಗಳಲ್ಲಿ ಟಂಕಸಾಲೆಯ ಊರಿನ ಹೆಸರೋ ವರ್ಷವೋ ಅಂಚಿನಾಚೆ ತಪ್ಪಿಹೋಗಿರುವುದನ್ನು ಕಾಣುತ್ತೇವೆ. ನಾಣ್ಯದಲ್ಲಿ ತುಂಡಾದ ಬರಹ ಅಚ್ಚಿನಲ್ಲಿ ಇಡಿಯಾಗಿರುತ್ತದೆ. ನನ್ನ ಮಟ್ಟಿಗೆ ಅಂಥ ಅಚ್ಚು ಬೆಳ್ಳಿಗಿಂತ ಬೆಲೆಯುಳ್ಳದ್ದು.

ಏಟು ತಿಂದ ತುದಿಯನ್ನೂ ಗಮನಿಸಿ. ಕೆಳಗಿನ ಅಚ್ಚನ್ನು ದಿಮ್ಮಿಯಲ್ಲಿ ಭದ್ರವಾಗಿ ನಾಟಿ, ಅದರ ಮೇಲೆ ಬಿಲ್ಲೆಯನ್ನಿಟ್ಟು, ಮೇಲಿನದನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ನೇರ ಪೆಟ್ಟು ತಿನ್ನುವ ಮೇಲಿನ ಅಚ್ಚು ಬೇಗ ಸವೆಯುತ್ತಿದ್ದುದರಿಂದ, ಕೆಳಗಿನ ಒಂದೇ ಅಚ್ಚಿಗೆ ಮೇಲಿನವು ಹಲವು ಜೊತೆಯಾಗುತ್ತಿದ್ದವು. ಈ ಜೋಡಣೆಗಳನ್ನು ಹೋಲಿಸಿಯೇ ವಿದ್ವಾಂಸರು ಯಾವ ನಾಣ್ಯ ಮೊದಲು, ಯಾವುದು ನಂತರ ಎಂದು ಗುರುತಿಸುತ್ತಾರೆ. ಆಭರಣದ ಅಚ್ಚಿನ ಮೇಲಾದರೋ ತೆಳು ತಗಡನ್ನೂ ಸೀಸವನ್ನೂ ಇಟ್ಟು ಬಡಿಯುವುದರಿಂದ ಅಚ್ಚಿನ ಬೆನ್ನಿಗೆ ಸುತ್ತಿಗೆ ತಾಗುವುದಿಲ್ಲ. ನಿಮ್ಮದು ನಾಣ್ಯದ ಮೇಲಚ್ಚು ಇರಬಹುದೆಂದು ನನಗೆ ಬಲವಾಗಿ ಅನಿಸುತ್ತದೆ.

ಅಘನಾಶಿನಿ, ಕುಮಟಾ:
ದಯವಿಟ್ಟು ಹುಣಸೆಹುಳಿ, ಆಮ್ಲ, ಉಪ್ಪುಕಾಗದ ಯಾವುದನ್ನೂ ಮುಟ್ಟಿಸಬೇಡಿ. ಅಕ್ಷರಗಳ ನಡುವಿನ ಸಣ್ಣ ಚುಕ್ಕಿಗಳು ತುಕ್ಕಿನೊಂದಿಗೇ ಹೊರಟುಹೋಗುತ್ತವೆ. ನಮ್ಮ ಕರಾವಳಿಯ ತೇವದಿಂದ ದೂರವಾಗಿ, ಒಣಗಿದ ಡಬ್ಬಿಯಲ್ಲಿಡಿ. ಓರೆಯಾಗಿ ಬೆಳಕು ಬೀಳಿಸಿ ಛಾಯಾಚಿತ್ರ ತೆಗೆದು, ಅದನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದರೆ ಬರಹ ನೇರವಾಗಬೇಕು. ಕಬ್ಬಿಣದ ಮೇಲೆಯೇ ಅಕ್ಷರಗಳು ನೇರವಾಗಿ ಓದಲು ಬಂದರೆ ಅದು ನಾಣ್ಯ ಹೊಡೆಯುವ ಅಚ್ಚಲ್ಲ.

ಗಂಗಾವಳಿ, ಅಂಕೋಲಾ:
ಮೇಲಿನ ಮಾತಿಗೆ ಇನ್ನೊಂದನ್ನು ಸೇರಿಸುತ್ತೇನೆ. ಕಾರವಾರ ಬಂದರು ಬಿಜಾಪುರದ ಅಧೀನದಲ್ಲಿದ್ದಾಗ, ಎರಡನೆಯ ಅಲಿ ಆದಿಲ್‌ಶಾಹನ (1656–1672) ಕಾಲದಲ್ಲಿ, ಬೆಳ್ಳಿಯ ತಂತಿಯನ್ನು ಮಡಚಿ ಅಚ್ಚೊತ್ತಿದ ಲಾರಿನ್ ನಾಣ್ಯಗಳೂ ಹೊರಟಿದ್ದವು. ತಂತಿ ಕಿರಿದು, ಅಚ್ಚು ಅಗಲ. ಹೀಗಾಗಿ ಒಂದೊಂದು ನಾಣ್ಯದಲ್ಲಿ ಬರಹದ ಒಂದು ಪಟ್ಟಿಯಷ್ಟೇ ಮೂಡುತ್ತಿತ್ತು. 1835ರ ಕಂಪನಿ ರೂಪಾಯಿಯಾದರೋ 180 ಗ್ರೇನ್ ತೂಕದ, ಯಂತ್ರದಲ್ಲಿ ಒತ್ತಿದ ನಾಣ್ಯ. ಅದರ ಬರಹ ಅಂಚಿನೊಳಗೇ ಪೂರ್ತಿಯಾಗಿ ಕೂಡುತ್ತದೆ. ಆದ್ದರಿಂದ ನಿಮ್ಮ ಅಚ್ಚನ್ನು ಕೈಯಿಂದ ಹೊಡೆಯುತ್ತಿದ್ದ ಟಂಕಸಾಲೆಗಳ ನಾಣ್ಯಗಳೊಂದಿಗೆ ಹೋಲಿಸಬೇಕು. ತಿರುಗಿಸಿದ ಚಿತ್ರವನ್ನು ಇಲ್ಲಿ ಹಾಕಿದರೆ, ಊರಿನ ಹೆಸರಿರುವ ಸಾಲನ್ನು ಮೊದಲು ಹುಡುಕೋಣ.