ಸಿಗರೇಟು ಮುಟ್ಟದ ಬಸುರಿಯ ಉಸಿರಲ್ಲಿ 7 ಹೇಗೆ ಬಂತು?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಾನು ಹಾಸನದವಳು, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮಿಡ್‌ವೈಫ್. ನಾನು ನೋಡುವ ಬಸುರಿಯರಲ್ಲಿ ಸೊಮಾಲಿ ಮನೆಯವರು ಜಾಸ್ತಿ. ಮೊನ್ನೆ ಬೆಳಿಗ್ಗೆ ಏಳು ತಿಂಗಳ ಬಸುರಿಯೊಬ್ಬರಿಗೆ ಉಸಿರಿನ ಕಾರ್ಬನ್ ಮೊನಾಕ್ಸೈಡ್ ಪರೀಕ್ಷೆ ಮಾಡಿದೆ. 7 ಪಿಪಿಎಂ ಬಂತು, ಅಂದರೆ ಉಸಿರಿನ ಹತ್ತು ಲಕ್ಷ ಭಾಗದಲ್ಲಿ ಈ ವಿಷಾನಿಲ ಏಳು ಭಾಗ. 4 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಧೂಮಪಾನ ಬಿಡಿಸುವವರ ಹತ್ತಿರ ಕಳಿಸಬೇಕು. ಆಕೆ ಒಂದು ದಿನವೂ ಸಿಗರೇಟು ಮುಟ್ಟಿದವರಲ್ಲ. ‘ನನ್ನ ಮಾತು ನಂಬ್ತಿಲ್ವಾ?’ ಅಂತ ಅತ್ತುಬಿಟ್ಟರು.

ಆಮೇಲೆ ಗೊತ್ತಾಯಿತು, ಗಂಡ ಮತ್ತು ಮೈದುನಂದಿರು ವಾರದಲ್ಲಿ ಮೂರ್ನಾಲ್ಕು ರಾತ್ರಿ ಹಾಲ್‌ನಲ್ಲೇ ಶೀಶಾ ಹಚ್ಚುತ್ತಾರೆ. ನಮ್ಮ ಕಡೆ ಹುಕ್ಕಾ ಅಂತೀವಲ್ಲ, ಅದೇ. ‘ಹೊಗೆ ನೀರಲ್ಲಿ ಹಾದು ಬರುತ್ತೆ, ತಂಬಾಕಿಲ್ಲದ ಹಣ್ಣಿನದ್ದು, ಕಿಟಕಿ ಬೇರೆ ತೆಗೆದಿರ್ತೀವಿ’ ಅನ್ನುತ್ತಾರೆ. ಎರಡು ವರ್ಷದ ಮಗು ಅದೇ ಕೋಣೆಯ ನೆಲದಿಂಬಿನ ಮೇಲೆ ನಿದ್ದೆ ಹೋಗುತ್ತದೆ. ಅವರಿಗೆ ಏನು ಹೇಳಲಿ?

ಉತ್ತರ (ಶ್ವಾಸಕೋಶದ ವೈದ್ಯರು): ಶೀಶಾ ವಿಷಯ ಆಮೇಲೆ, ಮೊದಲು ಮನೆ ಬಿಸಿ ಮಾಡುವ ಗ್ಯಾಸ್ ಬಾಯ್ಲರ್ ನೋಡಿಸಿ. ಸಿಗರೇಟು ಸೇದದವರಲ್ಲಿ ಇಷ್ಟು ಬಂದಾಗ ಕೆಟ್ಟ ಬಾಯ್ಲರ್, ಬೇರೆ ಗ್ಯಾಸ್ ಉಪಕರಣ ಕಾರಣ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು. ಮನೆಯಲ್ಲಿ ಎಲ್ಲರಿಗೂ ತಲೆನೋವು, ವಾಕರಿಕೆ ಇದೆಯಾ ಕೇಳಿ. ಇದ್ದರೆ ಎಲ್ಲರೂ ಹೊರಗೆ ಬಂದು ಗ್ಯಾಸ್ ತುರ್ತು ಸಹಾಯದ 0800 111 999ಕ್ಕೆ ಫೋನ್ ಮಾಡಲಿ. ಶೀಶಾನೇ ಕಾರಣ ಅಂತ ನಿರ್ಧರಿಸಿ ಬಾಯ್ಲರ್ ಮರೆತರೆ ಜೀವಕ್ಕೇ ಅಪಾಯ.

ಬಾಯ್ಲರ್ ಸರಿಯಿದ್ದರೆ, ನೋಡಬೇಕಾದ್ದು ಇದ್ದಿಲನ್ನು. ಕಾರ್ಬನ್ ಮೊನಾಕ್ಸೈಡ್ ಬಹುಪಾಲು ಬರುವುದು ಶೀಶಾ ತಲೆಯ ಮೇಲಿನ ಕೆಂಡದಿಂದ. ತಂಬಾಕು ಇರಲಿ, ಬಿಡಲಿ, ಕೆಂಡ ಅದೇ ತಾನೆ? ನೀರು ಹೊಗೆಯನ್ನು ತಣ್ಣಗೆ ಮಾಡುತ್ತದೆ, ವಿಷವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಅದೂ ಸೇದುವವರ ಮಟ್ಟಿಗೆ. ಕೆಂಡದಿಂದ ನೇರವಾಗಿ ಕೋಣೆಗೆ ಹೋಗುವ ಹೊಗೆ ನೀರನ್ನು ಮುಟ್ಟುವುದೂ ಇಲ್ಲ. ಬಸುರಿ, ಮಗು ಉಸಿರಾಡುವುದು ಅದನ್ನೇ.

ಇನ್ನೊಂದು ಮಾತು. ಈ ಅನಿಲ ರಕ್ತದಿಂದ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಬೆಳಿಗ್ಗೆ 7 ಇತ್ತು ಅಂದರೆ ರಾತ್ರಿ ಎಷ್ಟೋ ಜಾಸ್ತಿ ಇದ್ದಿರಬೇಕು. ಹೊಟ್ಟೆಯ ಮಗುವಿನ ರಕ್ತ ಅದನ್ನು ತಾಯಿಯ ರಕ್ತಕ್ಕಿಂತ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ನಿಧಾನವಾಗಿ ಬಿಡುತ್ತದೆ. ನನಗೆ ಭಯ ಆಗುವುದು ಅಲ್ಲೇ.

ಕಿಟಕಿ ಸಾಲದು. ಗಾಳಿ ಶುದ್ಧ ಮಾಡುವ ಯಂತ್ರ ಕಣಗಳನ್ನು ಸ್ವಲ್ಪ ಹಿಡಿಯಬಹುದು, ಈ ಅನಿಲವನ್ನು ಹಿಡಿಯುವುದಿಲ್ಲ. ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿ, ಆದರೆ ಅದು ಕೂಗಲಿಲ್ಲ ಅಂತ ನೆಮ್ಮದಿ ಬೇಡ. 50 ಪಿಪಿಎಂ ಇದ್ದರೂ ಅದು ಕೂಗಲು ಒಂದು ಗಂಟೆ, ಒಂದೂವರೆ ಗಂಟೆ ಹಿಡಿಯುತ್ತದೆ. ಶೀಶಾ ಮನೆಯಿಂದ ಹೊರಗೆ ಹೋಗಬೇಕು, ಅಷ್ಟೇ.

ಪ್ರಶ್ನೆ ಕೇಳಿದವರು: ಅವರದು ಒಂಬತ್ತನೇ ಮಹಡಿ ಡಾಕ್ಟ್ರೇ. ಬಾಲ್ಕನಿ ಸಾಕಾ?

ಉತ್ತರ: ಬೇಡ. ಹೊಗೆ ವಾಪಸ್ ಒಳಗೆ ಬರುತ್ತದೆ, ಮೇಲಿನ ಮನೆಗೂ ಹೋಗುತ್ತದೆ. ಎತ್ತರದ ಕಟ್ಟಡದ ಬಾಲ್ಕನಿಯಲ್ಲಿ ಕೆಂಡ ಅಂದರೆ ಬೆಂಕಿಯ ಭಯ ಬೇರೆ. ಮೆಟ್ಟಿಲ ಹತ್ತಿರ ಸೇದುವ ಹಾಗೂ ಇಲ್ಲ, ಎಲ್ಲರೂ ಓಡಾಡುವ ಮುಚ್ಚಿದ ಜಾಗಕ್ಕೆ 2007ರಿಂದ ಇಂಗ್ಲೆಂಡಿನ ಕಾನೂನು ಅನ್ವಯಿಸುತ್ತದೆ. ಕೆಳಗಿಳಿದು ಕಟ್ಟಡದಿಂದ ದೂರ ಬಯಲಲ್ಲಿ. ಬಿಟ್ಟೇಬಿಡಲು ಮನಸ್ಸಿದ್ದರೆ ಉಚಿತ ಸಹಾಯ ಇದೆ, ಅದನ್ನೂ ಹೇಳಿ.

ಪ್ರಶ್ನೆ ಕೇಳಿದವರು: ಆಕೆ ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ಬಂದವರಿಗೆ ಬೇಡ ಅಂದರೆ ಮನೆಯ ಮರ್ಯಾದೆ ಹೋದ ಹಾಗೆ ಅವರಿಗೆ.

ಉತ್ತರ: ಹೌದು, ಅದಕ್ಕೇ ಆಕೆಯ ಮೇಲೆ ಈ ಹೊರೆ ಹಾಕಬೇಡಿ. ‘ಮಿಡ್‌ವೈಫ್ ಬೇಡ ಅಂದಿದ್ದಾರೆ, ಮೆಷಿನ್‌ನಲ್ಲಿ ಬಂದಿದೆ’ ಅನ್ನಲು ಬಿಡಿ. ನಿಮ್ಮ ಹೆಸರು ಕೆಟ್ಟರೂ ಪರವಾಗಿಲ್ಲ. ಮುಂದಿನ ಸಲ ಗಂಡನನ್ನೂ ಕರೆಸಿ, ಆತನೂ ಊದಲಿ. ತನ್ನ ಅಂಕಿ ಕಂಡ ಗಂಡಸು ಕಿಟಕಿ ವಿಷಯ ಮಾತಾಡುವುದನ್ನು ನಿಲ್ಲಿಸಿದ್ದು ನಾನು ಹಲವು ಸಲ ನೋಡಿದ್ದೇನೆ.

ಕೇಳುವ ರೀತಿಯೂ ಮುಖ್ಯ. ‘ಮನೆಯಲ್ಲಿ ಯಾರಾದ್ರೂ ಸ್ಮೋಕ್ ಮಾಡ್ತಾರಾ?’ ಅಂದರೆ ‘ಇಲ್ಲ’ ಅಂತಾರೆ. ಸುಳ್ಳಲ್ಲ, ಶೀಶಾ ಅವರ ಲೆಕ್ಕದಲ್ಲಿ ಸಿಗರೇಟಲ್ಲ. ಶೀಶಾ ಅಂತಲೇ ಹೆಸರು ಹಿಡಿದು ಕೇಳಿ, ಅತ್ತೆಯ ಎದುರು ಬೇಡ. ಮಕ್ಕಳನ್ನು ದುಭಾಷಿ ಮಾಡಬೇಡಿ. ಕರಪತ್ರಕ್ಕಿಂತ ಸೊಮಾಲಿಯಲ್ಲಿ ಮಾತಾಡಿದ ವಾಟ್ಸ್ಆ್ಯಪ್ ಆಡಿಯೋ ವಾಸಿ. ಆ ಭಾಷೆಗೆ ಈಗಿನ ಲಿಪಿ ಅಧಿಕೃತವಾಗಿದ್ದೇ 1972ರಲ್ಲಿ, ಅಜ್ಜಿಯರಲ್ಲಿ ಎಷ್ಟೋ ಜನ ಓದು ಕಲಿತವರಲ್ಲ. ಆದರೆ ಆ ಮನೆಗಳಲ್ಲಿ ಅಜ್ಜಿ ಮಾತಿಗೆ ತೂಕ ಇದೆ. ಅವರನ್ನು ಒಲಿಸಿಕೊಳ್ಳಿ.

ಇನ್ನೊಬ್ಬ ಸದಸ್ಯೆ (ಲೆಸ್ಟರ್, ನರ್ಸ್): ಸರ್, ಸೊಮಾಲಿ ಮನೆಗಳ ಊನ್ಸಿ ಧೂಪದ ಕಥೆ ಏನು? ಸಂಜೆ ಹೊತ್ತು ದಬ್‌ಕಾದ್ ಅನ್ನೋ ಧೂಪದ ಪಾತ್ರೆಯಲ್ಲಿ ಕೆಂಡ ಹಾಕಿ ಸುಗಂಧ ಹಾಕ್ತಾರಲ್ಲ. ಹೆರಿಗೆಯಾದ ನಲವತ್ತು ದಿನ ತಾಯಿ ಮಗು ಮನೆಯೊಳಗೇ ಇರ್ತಾರೆ, ಆಗಲೂ ಧೂಪ ಇರುತ್ತೆ. ನಮ್ಮ ಬಾಣಂತಿ ಕೋಣೆಯ ಸಾಂಬ್ರಾಣಿ ನೆನಪಾಗುತ್ತೆ.

ಉತ್ತರ: ಒಳ್ಳೆ ಪ್ರಶ್ನೆ ಮೇಡಂ. ಅದೂ ಇದ್ದಿಲೇ, ಅದೂ ಲೆಕ್ಕಕ್ಕೆ ಬರುತ್ತದೆ. ಆದರೆ ಶೀಶಾ ಮತ್ತು ಊನ್ಸಿ ಎರಡನ್ನೂ ಒಂದೇ ಉಸಿರಲ್ಲಿ ಬೇಡ ಅನ್ನಬೇಡಿ. ಶೀಶಾ ಗೆಳೆಯರ ಕೂಟದ ಅಭ್ಯಾಸ, ಊನ್ಸಿ ತಾಯಿಯಿಂದ ಮಗಳಿಗೆ ಬಂದದ್ದು. ನಮ್ಮಜ್ಜಿಗೆ ಯಾರಾದರೂ ಸಾಂಬ್ರಾಣಿ ಬೇಡ ಅಂದಿದ್ದರೆ ಅವರ ಮುಂದಿನ ಮಾತನ್ನು ಆಕೆ ಕೇಳುತ್ತಲೇ ಇರಲಿಲ್ಲ. ಬಸುರಿ, ಕೂಸು ಇರುವ ಕೋಣೆಯಲ್ಲಿ ಕೆಂಡ ಬೇಡ ಅನ್ನಿ. ಬಟ್ಟೆಗೆ ಪರಿಮಳ ಬೇಕಾದರೆ ಹೊರಗೆ ಹಿಡಿದು ತರಲಿ. ಆ ದಿಂಬು, ಹಾಸುಗಳನ್ನೂ ಒಗೆದು ಬಿಸಿಲು ಕಾಣಿಸಲಿ, ಹಳೆ ಹೊಗೆ ಅದರಲ್ಲಿ ಕೂತಿರುತ್ತದೆ.

ಪ್ರಶ್ನೆ ಕೇಳಿದವರು (ಮೂರು ವಾರದ ನಂತರ): ಬಾಯ್ಲರ್ ಸರಿ ಇದೆ ಡಾಕ್ಟ್ರೇ. ಗಂಡ ಬಂದು ಊದಿದರು, 21. ತುಂಬಾ ಹೊತ್ತು ಸುಮ್ಮನೆ ಕೂತಿದ್ದರು. ಈಗ ಆಕೆಯದು 3. ಆದರೆ ಮುಂದಿನ ವಾರ ರಂಜಾನ್, ಉಪವಾಸ ಬಿಟ್ಟ ಮೇಲೆ ಮನೆ ತುಂಬಾ ಜನ ಸೇರುತ್ತಾರಂತೆ.

ಉತ್ತರ: 3 ನೋಡಿ ತುಂಬಾ ಖುಷಿಯಾಯಿತು. ಜನ ಬರಲಿ, ಊಟ ಚಹಾ ಆಗಲಿ. ಶೀಶಾ ಪೈಪು ಮಾತ್ರ ಆ ತಿಂಗಳು ಮೈದುನನ ಕಾರಿನ ಡಿಕ್ಕಿಯಲ್ಲೇ ಇರಲಿ ಅಂತ ಗಂಡನ ಹತ್ತಿರ ಈಗಲೇ ಮಾತಾಡಿ. ರಂಜಾನ್ ನಡುವೆ ಒಂದು ಬೆಳಿಗ್ಗೆ ಆದಷ್ಟು ಬೇಗ ಕರೆಸಿ ಊದಿಸಿ. ಮಧ್ಯಾಹ್ನ ಊದಿಸಿದರೆ ರಾತ್ರಿಯದ್ದು ಗೊತ್ತಾಗುವುದಿಲ್ಲ.