ಉಪ್ಪುನೀರಿನ ವಿಡಿಯೊ

ದೊಡ್ಡಪ್ಪ: (ಫಾರ್ವರ್ಡ್ ಆದ ವಿಡಿಯೊ) ಕಾಂಟ್ಯಾಕ್ಟ್ ಲೆನ್ಸ್ ತೊಳೆದಿಡುವ ಸೊಲ್ಯೂಷನ್‌ಗೆ ದುಡ್ಡು ಸುರಿಯಬೇಡಿ. ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು ಹಾಕಿದರೆ ಸಾಕಂತೆ. ಮಕ್ಕಳೆಲ್ಲ ನೋಡಿ.

ವಿದ್ಯಾ: ದೊಡ್ಡಪ್ಪ, ದಯವಿಟ್ಟು ಇದನ್ನು ಅಳಿಸಿಬಿಡಿ. ಕಾವ್ಯ ಈಗಷ್ಟೇ ಲೆನ್ಸ್ ಹಾಕಲು ಶುರು ಮಾಡಿದ್ದಾಳೆ.

ದೊಡ್ಡಪ್ಪ: ಕಣ್ಣೀರೂ ಉಪ್ಪೇ ಅಲ್ವಾ ಅಮ್ಮ? ಅದೂ ಕುದಿಸಿದ ನೀರು.

ವಿದ್ಯಾ: ಉಪ್ಪು ಕ್ರಿಮಿಯನ್ನು ಕೊಲ್ಲುವುದಿಲ್ಲ. ಕುದಿಸಿದ ಮೇಲೂ ಪಾತ್ರೆ, ಬಾಟಲಿ, ಬೆರಳಿನಿಂದ ಮತ್ತೆ ಸೇರುತ್ತದೆ. 1980ರ ದಶಕದಲ್ಲಿ ಅಮೆರಿಕದ ಜನ ಹೀಗೇ ಉಪ್ಪಿನ ಮಾತ್ರೆ ಕರಗಿಸಿ ಲೆನ್ಸ್ ನೀರು ಮಾಡಿಕೊಳ್ಳುತ್ತಿದ್ದರು. ಅಕಾಂತಮೀಬಾ ಅನ್ನುವ ಅಮೀಬಾದಿಂದ ಬರುವ ಕಣ್ಣಿನ ಸೋಂಕು ಜಾಸ್ತಿಯಾದಾಗ ಕಾರಣ ಹುಡುಕಿದವರ ಕೈಗೆ ಸಿಕ್ಕಿದ್ದು ಇದೇ ನೀರು. ಆ ಅಮೀಬಾ ನಲ್ಲಿ ನೀರಲ್ಲೂ ಇರುತ್ತದೆ. ಗಟ್ಟಿ ಚಿಪ್ಪಿನೊಳಗೆ ಮುದುಡಿಕೊಂಡರೆ ಕ್ಲೋರಿನ್‌ಗೂ ಜಗ್ಗುವುದಿಲ್ಲ.

ದೊಡ್ಡಪ್ಪ: ಸಾವಿರಕ್ಕೆ ಒಬ್ಬರಿಗೂ ಬರಲ್ಲ ಇದೆಲ್ಲ. ಸುಮ್ನೆ ಹೆದರಿಸಬೇಡ.

ಅಮ್ಮ: ಭಾವ, ನಮ್ಮ ವಿದ್ಯಾಗೇ ಬಂದಿತ್ತಲ್ಲ. ಗಂಟೆಗೊಂದು ಅಲಾರಂ ಇಟ್ಟುಕೊಂಡು ರಾತ್ರಿಯಿಡೀ ಡ್ರಾಪ್ಸ್ ಹಾಕಿದವಳು ನಾನು. ಕಿಟಕಿಗೆಲ್ಲ ಕಪ್ಪು ಬೆಡ್‌ಶೀಟ್ ಕಟ್ಟಿದ್ದೆವು. ಫ್ರಿಜ್ ಬಾಗಿಲು ತೆಗೆದರೆ ಆ ಬೆಳಕಿಗೇ ಕಿರುಚುತ್ತಿದ್ದಳು.

ವಿದ್ಯಾ: ಕಮ್ಮಿ ಜನಕ್ಕೆ ಬರುವುದು ನಿಜ ದೊಡ್ಡಪ್ಪ. ಅದಕ್ಕೇ ಮೊದಲು ನೋಡಿದ ಡಾಕ್ಟರಿಗೂ ಹೊಳೆಯಲಿಲ್ಲ, ಹರ್ಪಿಸ್ ವೈರಸ್ ಸೋಂಕು ಅಂದುಕೊಂಡರು. ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಕೆರೆದು ಲ್ಯಾಬಿಗೆ ಕಳಿಸಿದ ಮೇಲೆ ಗೊತ್ತಾಯಿತು. ಆಮೇಲೆ ಅಮೀಬಾ ಕೊಲ್ಲುವ ಪಿಎಚ್‌ಎಂಬಿ ಡ್ರಾಪ್ಸ್, ಏಳು ತಿಂಗಳು. ನನ್ನ ಲೆನ್ಸ್ ಡಬ್ಬಿಯ ತಳ ಮುಟ್ಟಿದರೆ ಲೋಳೆಯಂತೆ ಜಾರುತ್ತಿತ್ತು. ಆ ಲೋಳೆಯ ಬ್ಯಾಕ್ಟೀರಿಯಾ ತಿಂದೇ ಅಮೀಬಾ ಬದುಕುವುದು. ನಾನು ನಲ್ಲಿ ಕೆಳಗೆ ತೊಳೆದು ಹಾಗೇ ಮುಚ್ಚಿಡುತ್ತಿದ್ದೆ.

ಕಾವ್ಯ: ಅಕ್ಕ, ನಾನು ಮೊನ್ನೆ ಲೆನ್ಸ್ ಹಾಕಿಕೊಂಡೇ ಮಲಗಿಬಿಟ್ಟಿದ್ದೆ. ನಿನ್ನೆಯಿಂದ ಎಡಗಣ್ಣು ಕೆಂಪು, ನೋವು. ಅಪ್ಪನ ಹಳೇ ಸ್ಟೀರಾಯ್ಡ್ ಡ್ರಾಪ್ಸ್ ಇದೆ, ಹಾಕಲಾ?

ವಿದ್ಯಾ: ಬೇಡವೇ ಬೇಡ! ಸ್ಟೀರಾಯ್ಡ್ ಕೆಂಪು ಇಳಿಸುತ್ತದೆ, ಒಳಗೆ ಸೋಂಕು ಬೆಳೆಯುತ್ತಾ ಹೋಗುತ್ತದೆ. ಲೆನ್ಸ್ ಈಗಲೇ ತೆಗೆ. ಎಸೆಯಬೇಡ, ಡಬ್ಬಿ ಸಮೇತ ತಗೊಂಡು ಹೋಗು, ಅದನ್ನೂ ಪರೀಕ್ಷೆಗೆ ಕಳಿಸಬಹುದು. ಲೆನ್ಸ್ ಹಾಕುತ್ತೇನೆ, ಹಾಕಿಕೊಂಡೇ ಮಲಗಿದ್ದೆ ಅಂತ ಮೊದಲೇ ಹೇಳು. ನಾಳೆಗೆ ಇಡಬೇಡ ಕಣೇ. ಸೂಡೊಮೊನಾಸ್ ಬ್ಯಾಕ್ಟೀರಿಯಾ ಆಗಿದ್ದರೆ ಕೆಲವೇ ದಿನದಲ್ಲಿ ಕಾರ್ನಿಯಾ ತೂತಾಗಬಹುದು. ಬೇಗ ಹೋದರೆ ಹೆಚ್ಚಿನ ಸಲ ಆಂಟಿಬಯೋಟಿಕ್ ಡ್ರಾಪ್ಸ್‌ನಲ್ಲೇ ವಾಸಿಯಾಗುತ್ತದೆ.

ದೊಡ್ಡಪ್ಪ: ವಿಡಿಯೊ ಅಳಿಸಿದೆ. ಕಾವ್ಯ, ಡಬ್ಬಿ ತಗೊಂಡು ಕೆಳಗೆ ಬಾ, ಗಾಡಿ ತೆಗೆಯುತ್ತಿದ್ದೇನೆ.