ಒಲೆ ಇಲ್ಲದ ಮನೆಯಲ್ಲಿ ಹಾಲು ಉಕ್ಕಿಸಿದ್ದು

ಮೊನ್ನೆ ಜರ್ಮನಿಗೆ ಹೊಸದಾಗಿ ಬಂದವರೊಬ್ಬರು ಕೇಳಿದ್ದರು. "ಮನೆಗೆ ಬಂದು ಎರಡು ತಿಂಗಳಾಯ್ತು. ಅಕ್ಕಪಕ್ಕದವರು ಒಬ್ಬರೂ ಬಂದು ಮಾತಾಡಿಸಿಲ್ಲ. ಇಲ್ಲಿಯ ಜನ ಹೀಗೇನಾ?" ನಾವು ಸ್ಟುಟ್‌ಗಾರ್ಟ್‌ಗೆ ಬಂದಿದ್ದು 2017ರಲ್ಲಿ. ಆಗ ನನಗೂ ಥೇಟ್ ಹೀಗೇ ಅನ್ನಿಸಿತ್ತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮೂರಲ್ಲಿ ಪಕ್ಕದ ಮನೆಗೆ ಯಾರಾದರೂ ಬಂದರೆ, ಲಾರಿಯಿಂದ ಸಾಮಾನು ಇಳಿಯುವ ಮೊದಲೇ ಕುಡಿಯೋಕೆ ನೀರು, ಕಾಫಿ ಹೋಗುತ್ತೆ. ಇಲ್ಲಿ ಉಲ್ಟಾ. ಹೊಸಬರೇ ಪ್ರತಿ ಮನೆಯ ಬೆಲ್ ಒತ್ತಿ, ನಾವು ಇಂಥ ಮನೆಗೆ ಬಂದಿದ್ದೇವೆ ಅಂತ ಹೇಳಬೇಕು. ಅವರು ಕಾಯುತ್ತಾರೆ, ನಾವೂ ಕಾಯುತ್ತೇವೆ. ಹೀಗೆ ಕಾದು ಕಾದೇ ವರ್ಷ ಕಳೆದವರನ್ನು ನೋಡಿದ್ದೇನೆ.

ನಾವು ಬೆಲ್ ಒತ್ತಿದ್ದೂ ಈ ರಿವಾಜು ಗೊತ್ತಿದ್ದರಿಂದ ಅಲ್ಲ, ಗತಿ ಇಲ್ಲದೆ. ಜರ್ಮನಿಯಲ್ಲಿ ಬಾಡಿಗೆ ಮನೆ ಅಂದರೆ ಎಷ್ಟೋ ಸಲ ಬರೀ ಗೋಡೆ. ಹಿಂದಿದ್ದವರು ಒಲೆ, ಸಿಂಕ್, ಕಪಾಟು ಎಲ್ಲ ಬಿಚ್ಚಿಕೊಂಡು ಹೋಗಿರುತ್ತಾರೆ. ನಮ್ಮಲ್ಲಿ ಬಲ್ಬ್ ಹೋಲ್ಡರ್ ಕೂಡ ಇರಲಿಲ್ಲ, ಚಾವಣಿಯಿಂದ ವೈರ್ ನೇತಾಡುತ್ತಿತ್ತು. ಹೊಸ ಅಡುಗೆಮನೆ ಬರೋಕೆ ಆರು ವಾರ ಅಂದಿದ್ದರು. ದಾವಣಗೆರೆಯಿಂದ ಅಮ್ಮನದು ಫೋನಿನಲ್ಲಿ ಒಂದೇ ಹಟ. "ಶುಕ್ರವಾರ ದಿನ ಚೆನ್ನಾಗಿದೆ. ಹಾಲು ಉಕ್ಕಿಸದೆ ಆ ಮನೇಲಿ ಮಲಗಬೇಡಿ." ಉಕ್ಕಿಸೋದು ಯಾವ ಒಲೆ ಮೇಲೆ?

ಕೆಳಗಿನ ಮನೆಯ ಬಾಗಿಲು ತಟ್ಟಿದೆ. ಎಪ್ಪತ್ತು ದಾಟಿದ ಅಜ್ಜಿ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಕಲಿತ ಜರ್ಮನ್ನನ್ನೆಲ್ಲ ಒಟ್ಟುಗೂಡಿಸಿ, ಒಲೆ ಬೇಕು ಅಂದೆ. ಅವರು ಹೇಳಿದ್ದು ಒಂದಕ್ಷರ ತಿಳಿಯಲಿಲ್ಲ. ಅದು ಶ್ವೇಬಿಷ್, ಈ ಕಡೆಯ ಆಡುಮಾತು. "ನಮಗೆ ಎಲ್ಲ ಬರುತ್ತೆ, ಶುದ್ಧ ಜರ್ಮನ್ ಒಂದು ಬಿಟ್ಟು" ಅಂತ ಈ ರಾಜ್ಯ ಸರ್ಕಾರವೇ ಜಾಹೀರಾತು ಹಾಕಿಕೊಂಡಿತ್ತು ಅಂದರೆ ನೋಡಿ. ಅಜ್ಜಿ ಒಳಗೆ ಹೋಗಿ ಎರಡು ತಟ್ಟೆಯ ಹಳೇ ಕರೆಂಟ್ ಒಲೆ ತಂದರು. ಕೊಟ್ಟು ಸುಮ್ನಿರಲಿಲ್ಲ, ಹಿಂದೆಯೇ ಮೇಲೆ ಬಂದರು. ಈ ವಿದೇಶಿಯರು ಏನು ಮಾಡಿಬಿಡುತ್ತಾರೋ ಅನ್ನುವ ಭಯ ಇರಬೇಕು.

ಖಾಲಿ ಹಾಲ್‌ನಲ್ಲಿ ನೆಲದ ಮೇಲೆ ಒಲೆ. ಪಾತ್ರೆಗೆ ಅರಿಶಿನ ಕುಂಕುಮ. ವಿಡಿಯೊ ಕಾಲ್‌ನಲ್ಲಿ ಅಮ್ಮ. ಹಾಲು ಮೇಲೇಳುತ್ತಿದ್ದ ಹಾಗೆ ಅಜ್ಜಿ "ಆಖ್ಟುಂಗ್! ಆಖ್ಟುಂಗ್!" (ಹುಷಾರು!) ಅಂತ ಕೂಗಿ ಸ್ವಿಚ್ಚಿಗೆ ಕೈ ಹಾಕಿದರು. ನನ್ನ ಗಂಡ ಅವರ ಕೈ ತಡೆದರು. ಹಾಲು ಉಕ್ಕಿ ಚುಯ್ ಅಂತು, ಮಗಳು ಚಪ್ಪಾಳೆ ಹೊಡೆದಳು, ಆ ಕಡೆಯಿಂದ ಅಮ್ಮ "ಯಾವ ದಿಕ್ಕಿಗೆ ಉಕ್ಕಿತು?" ಅಂತ ಕೇಳುತ್ತಿದ್ದಾರೆ. ಅಜ್ಜಿ ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ಬೇಕಂತಲೇ ಉಕ್ಕಿಸಿದ್ದು, ಒಳ್ಳೆಯದು ಅಂತ ವಿವರಿಸಿದೆ. ಸ್ವಲ್ಪ ಹೊತ್ತು ಯೋಚಿಸಿ ನಿಧಾನವಾಗಿ, ನನಗೆ ಅರ್ಥವಾಗುವ ಜರ್ಮನ್‌ನಲ್ಲಿ ಹೇಳಿದರು: "ಸರಿ. ವಾಪಸ್ ಕೊಡುವಾಗ ಚೆನ್ನಾಗಿ ಉಜ್ಜಿ ಕೊಡಿ."

ಆ ಒಲೆ ಆರು ವಾರ ನಮ್ಮಲ್ಲೇ ಇತ್ತು.

ಇಷ್ಟಾದ ಮೇಲೆ ಎಲ್ಲ ಸುಸೂತ್ರ ಅಂದುಕೊಳ್ಳಬೇಡಿ. ಒಂದು ಭಾನುವಾರ ಬೆಳಿಗ್ಗೆ ಗ್ರೈಂಡರ್‌ನಲ್ಲಿ ದೋಸೆ ಹಿಟ್ಟು ರುಬ್ಬುತ್ತಿದ್ದೆ. ಹತ್ತೇ ನಿಮಿಷಕ್ಕೆ ಬೆಲ್. ಅಜ್ಜಿಯ ಮುಖ ಬಿಗಿದಿತ್ತು. ಇಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವ ಹಾಗಿಲ್ಲ, ಭಾನುವಾರವಂತೂ ಇಡೀ ದಿನ. ಗೋಡೆಗೆ ಮೊಳೆ ಹೊಡೆಯೋದೂ ಇಲ್ಲ, ಗಾಜಿನ ಬಾಟಲಿ ಡಬ್ಬಕ್ಕೆ ಹಾಕೋದೂ ಇಲ್ಲ. ಅವತ್ತು ನನಗೆ ಅಳು ಬಂತು. ಆಮೇಲೆ ತಿಳಿಯಿತು, ಅವರು ನೇರವಾಗಿ ಬಂದು ಬೈದದ್ದೇ ದೊಡ್ಡ ಉಪಕಾರ. ಬೇರೊಂದು ಕಟ್ಟಡದಲ್ಲಿದ್ದ ಗೆಳತಿಗೆ ಯಾರೂ ಏನೂ ಹೇಳಲಿಲ್ಲ, ಸೀದಾ ಮನೆ ಮಾಲೀಕರಿಗೇ ಕಾಗದ ಹೋಯಿತು. ಚಳಿಗಾಲದಲ್ಲೂ ದಿನಕ್ಕೆರಡು ಸಲ ಕಿಟಕಿ ಪೂರ್ತಿ ತೆಗೆದು ಗಾಳಿ ಆಡಿಸಿ, ನಿಮ್ಮ ಅಡುಗೆಯ ಹಬೆಗೆ ಗೋಡೆ ಬೂಸ್ಟು ಹಿಡಿಯುತ್ತೆ ಅಂದವರೂ ಈ ಅಜ್ಜಿಯೇ. ಕಸ ಬೇರೆ ಮಾಡೋದು, ವಿಳಾಸ ನೋಂದಾಯಿಸೋದು ಇವೆಲ್ಲ ಎಲ್ಲಾದರೂ ಓದಿ ಕಲಿಯಬಹುದು, ಬಿಡಿ.

ಆದರೆ ಕೇರ್‌ವೋಖೆ ಓದಿ ಬರುವಂಥದ್ದಲ್ಲ. ಸರದಿ ಪ್ರಕಾರ ಒಂದೊಂದು ಮನೆಯವರು ಒಂದೊಂದು ವಾರ ಮೆಟ್ಟಿಲು, ಅಂಗಳ ಗುಡಿಸುವ ಪದ್ಧತಿ. ಸ್ಟುಟ್‌ಗಾರ್ಟ್‌ನಲ್ಲಿ ಇದರ ಬೇರು 1492ರ ನಗರದ ಕಟ್ಟಳೆಯವರೆಗೆ ಹೋಗುತ್ತದೆ. ನಿಮ್ಮ ಸರದಿ ಬಂದಾಗ ಬಾಗಿಲಿಗೆ ಒಂದು ಪುಟ್ಟ ಬೋರ್ಡು ಬಂದು ನೇತಾಡುತ್ತೆ. ಮುಗಿದ ಮೇಲೆ ಅದನ್ನು ಪಕ್ಕದ ಬಾಗಿಲಿಗೆ ನೀವೇ ಹಾಕಬೇಕು. ಮೊದಲ ಸಲ ನಾನು ಮೆಟ್ಟಿಲು ಒರೆಸಿದ ಮೇಲೆ ಅಜ್ಜಿ ಬಂದು ಕಂಬಿಯ ಕೆಳಗೆ ಬೆರಳು ಸವರಿ ನೋಡಿದರು. ಧೂಳಿತ್ತು. ಎರಡನೇ ಸಲ ಇರಲಿಲ್ಲ. ಅವತ್ತು ಸಂಜೆ ಒಂದು ಡಬ್ಬಿಯಲ್ಲಿ ಪ್ಲಮ್ ಕೇಕ್ ಬಂತು. ಖಾಲಿ ಡಬ್ಬಿ ವಾಪಸ್ ಕೊಡೋಕೆ ನಮಗೆ ಬರುತ್ತಾ? ಹೋಳಿಗೆ ಹಾಕಿ ಕಳಿಸಿದೆ. "ಬೇಳೆಗೆ ಬೆಲ್ಲವಾ?" ಅಂತ ಬೆರಗಾದರು. ಬೇಳೆಯನ್ನು ಸಾಸೇಜು, ನೂಡಲ್ಸ್ ಜೊತೆ ತಿನ್ನುವ ಜನ ಅವರು! ಆ ಡಬ್ಬಿ ಇವತ್ತಿಗೂ ಯಾರದ್ದು ಅಂತ ಇತ್ಯರ್ಥ ಆಗಿಲ್ಲ.

ಇನ್ನು ಮಕ್ಕಳ ವಿಷಯ. ಮಗಳು ಒಂದನೇ ಕ್ಲಾಸಿಗೆ ಸೇರುವ ವಾರ ಮೊದಲು ಅಜ್ಜಿ "ಯಾವ ಬಣ್ಣ?" ಅಂದರು. ಯಾವುದರ ಬಣ್ಣ? ಇಲ್ಲಿ ಶಾಲೆಯ ಮೊದಲ ದಿನ ಪ್ರತಿ ಮಗುವಿನ ಕೈಯಲ್ಲೂ ಸಿಹಿ ತಿಂಡಿ, ಪೆನ್ಸಿಲ್ ತುಂಬಿದ ದೊಡ್ಡ ಕಾಗದದ ಶಂಕು ಇರುತ್ತೆ, ಶೂಲ್‌ಟ್ಯೂಟೆ ಅಂತ. ನಮಗೆ ಗೊತ್ತೇ ಇರಲಿಲ್ಲ. ಅಜ್ಜಿ ಮಾಡಿಕೊಡದಿದ್ದರೆ ಆ ದಿನ ಅವಳೊಬ್ಬಳೇ ಬರಿಗೈಯಲ್ಲಿ ನಿಂತಿರುತ್ತಿದ್ದಳು.

ಮನೆಯಲ್ಲಿ ಜರ್ಮನ್ ಮಾತಾಡೋಣವಾ ಅಂತ ನಾವು ಯೋಚಿಸಿದಾಗ ಬೇಡ ಅಂದವರೂ ಅವರೇ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ತಮ್ಮ ಆಡುಮಾತಿಗೆ ಬೈಸಿಕೊಂಡದ್ದು ಅವರಿಗೆ ಇನ್ನೂ ನೆನಪಿದೆ. ಕನ್ನಡ ಕಷ್ಟವಾ ಅಂತ ಒಮ್ಮೆ ಕೇಳಿದರು. ಇಲ್ಲೇ ಹತ್ತಿರದ ಟ್ಯೂಬಿಂಗೆನ್‌ನಲ್ಲಿ 1903ರಲ್ಲಿ ತೀರಿಕೊಂಡ ಕಿಟೆಲ್ ಅನ್ನುವವರು ನಮ್ಮ ನಿಘಂಟು ಬರೆದರು, 1894ರಲ್ಲಿ ಮಂಗಳೂರಲ್ಲಿ ಅಚ್ಚಾಯಿತು ಅಂದೆ. ಎಲ್ಲಿಯವರು? ಉತ್ತರದ ಸಮುದ್ರತೀರದ ಕಡೆಯವರು. "ಓ, ನಮ್ಮವರಲ್ಲ" ಅಂದುಬಿಟ್ಟರು.

ಮೂರನೇ ವರ್ಷ ಒಂದು ಸಂಜೆ ಆಪಲ್ ಜ್ಯೂಸ್ ಬಾಟಲಿ ಹಿಡಿದು ಬಂದು, ಇನ್ನು ನನಗೆ "ನೀವು" ಬೇಡ, "ನೀನು" ಅನ್ನಿ ಅಂದರು. ಇಲ್ಲಿ ಅದನ್ನು ಹಿರಿಯರೇ ಹೇಳಬೇಕು. ನನ್ನ ಬಾಯಿಗೆ ಇನ್ನೂ ಬರುವುದಿಲ್ಲ. ಮಗಳಿಗೆ ಮಾತ್ರ ಮೊದಲಿನಿಂದಲೂ ಸಲೀಸು, ದಾವಣಗೆರೆಯ ಅಜ್ಜಿಗೂ ನೀನು, ಇವರಿಗೂ ನೀನು.

ಹೋದ ಚಳಿಗಾಲ ಅಜ್ಜಿಗೆ ಮಂಡಿ ಆಪರೇಷನ್ ಆಯಿತು. ಅವರ ಬಾಗಿಲಿನ ಬೋರ್ಡನ್ನು ಮಗಳು ಸದ್ದಿಲ್ಲದೆ ತಂದು ನಮ್ಮ ಬಾಗಿಲಿಗೆ ಹಾಕಿದಳು. ಅಜ್ಜಿ ಊರುಗೋಲು ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತು ಜಗಳ ಮಾಡಿದರು, ನಿಯಮ ಅಂದರೆ ನಿಯಮ ಅಂತ. ಕೊನೆಗೆ ನಾವು ಒರೆಸೋದು, ಅವರು ಕುರ್ಚಿ ಹಾಕಿಕೊಂಡು ನೋಡೋದು ಅಂತ ರಾಜಿಯಾಯಿತು. ಕಂಬಿಯ ಕೆಳಗೆ ಅಂತ ಎರಡು ಸಲ ನೆನಪಿಸಿದರು.

ಈ ವಾರ ಬೋರ್ಡು ನಮ್ಮದೇ. ಇವತ್ತು ಶನಿವಾರ, ಗಂಟೆ ಆಗಲೇ ಐದು. ಬಕೆಟ್ ತುಂಬಿಸಿಟ್ಟು ಇದನ್ನು ಬರೆಯುತ್ತಾ ಕೂತಿದ್ದೇನೆ.